ಮದುವೆಯ ವಯಸ್ಸಿನ ಬಗ್ಗೆ ಹಳೆಯ ವೈದ್ಯರ ಬರಹ ಓದುವುದು ಹೇಗೆ?

ಹೆಣ್ಣುಮಕ್ಕಳ ಮದುವೆಗೆ ಕನಿಷ್ಠ 16 ತುಂಬಿರಬೇಕು ಎಂದು ಕಲ್ಕತ್ತೆಯ ಡಾ. ಮಹೇಂದ್ರಲಾಲ್ ಸರ್ಕಾರ್ 1871ರಲ್ಲಿ ಬರೆದರು. ಓದುವವರು ಆ 16ನ್ನಷ್ಟೇ ಗುರುತು ಹಾಕಿಕೊಂಡು ಮುಂದೆ ಹೋಗುತ್ತಾರೆ. ಎಡವುವುದು ಅಲ್ಲೇ.

ಮೊದಲು, ಪ್ರಶ್ನೆ ಕೇಳಿದವರು ಯಾರೆಂದು ಬರೆದುಕೊಳ್ಳಿ. ಹೊಸ ಮದುವೆ ಕಾಯ್ದೆಗೆ ಒತ್ತಾಯಿಸುತ್ತಿದ್ದ ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ಹಲವು ವೈದ್ಯರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿದ್ದರು. ಸರ್ಕಾರ್ ಬರೆದದ್ದು ಅದಕ್ಕೆ ಉತ್ತರ; ಮನೆಮಂದಿಗೆ ಹೇಳಿದ ಸಲಹೆಯಲ್ಲ.

ಆಮೇಲೆ ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಿರಿ: ಮೈನೆರೆಯುವ ವಯಸ್ಸು, ಮದುವೆಯ ವಯಸ್ಸು, ಪ್ರಸ್ತದ ವಯಸ್ಸು, ಹೆರಿಗೆಗೆ ಮೈ ಬಲಿಯುವ ವಯಸ್ಸು. ಸಿಕ್ಕ ಪ್ರತಿ ಅಂಕಿಯನ್ನೂ ಇವುಗಳಲ್ಲೊಂದಕ್ಕೆ ಸೇರಿಸಿ. ಎಲ್ಲಿಗೂ ಹೊಂದದಿದ್ದರೆ ಪ್ರಶ್ನೆ ಚಿಹ್ನೆ ಹಾಕಿ ಬಿಡಿ, ಊಹಿಸಿ ತುಂಬಬೇಡಿ. ಸರ್ಕಾರ್ ವಾದದ ಜೀವವಿರುವುದು ಮೊದಲ ಮತ್ತು ಕೊನೆಯ ಕಾಲಂಗಳ ನಡುವಿನ ಅಂತರದಲ್ಲಿ. ಹಲ್ಲು ಇರುವುದು ಗಟ್ಟಿ ಆಹಾರ ಅಗಿಯಲಿಕ್ಕೇ. ಹಾಗಂತ ಹಲ್ಲು ಮೊಳೆತ ಕೂಡಲೇ ಮಗು ಅದನ್ನೇ ತಿಂದು ಬದುಕೀತೆ? ಇದು ಅವರದೇ ಹೋಲಿಕೆ. ಮುಟ್ಟು ಶುರುವಾಯಿತೆಂದ ಮಾತ್ರಕ್ಕೆ ಹುಡುಗಿ ತಾಯಿಯಾಗಲು ತಯಾರಾದಳು ಎಂದಲ್ಲ. ಅನುವಾದಿಸುವಾಗ ಮೈನೆರೆಯುವುದನ್ನು ‘ಪ್ರಾಪ್ತ ವಯಸ್ಸು’ ಎಂದುಬಿಟ್ಟರೆ ಈ ಅಂತರವೇ ಅಳಿಸಿಹೋಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಕಾನೂನಿನ ಅಂಕಿಗಳಿಗೆ ಬೇರೆ ಹಾಳೆ ಇರಲಿ. ಸೇನರು ಒತ್ತಾಯಿಸಿದ್ದ ಮದುವೆ ಕಾಯ್ದೆ 1872ರಲ್ಲಿ ಬಂತು; ಅದು ಹೆಣ್ಣಿಗೆ 14, ಗಂಡಿಗೆ 18 ಎಂದಿತು. ಆದರೆ ಅದು ತಾವು ಹಿಂದೂ, ಮುಸ್ಲಿಂ, ಕ್ರೈಸ್ತ ಮುಂತಾದ ಧರ್ಮಗಳವರಲ್ಲ ಎಂದು ಘೋಷಿಸಿಕೊಂಡವರಿಗೆ ಮಾತ್ರ. 1891ರ ಕಾಯ್ದೆಯ 12 ಮದುವೆಯ ವಯಸ್ಸೇ ಅಲ್ಲ. ದೈಹಿಕ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸು 10 ಇದ್ದದ್ದು ಅಲ್ಲಿ 12 ಆಯಿತು, ವಿವಾಹಿತೆಗೂ ಅನ್ವಯಿಸುವಂತೆ. ಹೆಚ್ಚಿನವರು ತಪ್ಪುವುದು ಇಲ್ಲಿ. ನಮ್ಮ ಮೈಸೂರು ಸಂಸ್ಥಾನದ 1894ರ ಕಾನೂನು ತಡೆದದ್ದು 8 ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಜೊತೆಗೆ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವಂತಿರಲಿಲ್ಲ.

ಬಿಸಿ ಹವೆಯ ದೇಶದಲ್ಲಿ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆ ಎಂಬ ಮಾತು ಆ ಕಾಲದ ವೈದ್ಯರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅಂಥ ಸಾಲಿನ ಕೆಳಗೆ ಗೆರೆ ಎಳೆದು, ವೈದ್ಯರು ತಾವೇ ಕಂಡದ್ದೋ ಕೇಳಿದ್ದೋ ಎಂದು ಅಂಚಿನಲ್ಲಿ ಬರೆಯಿರಿ. ವಯಸ್ಸನ್ನು ಮನೆಯವರು ಹೇಳಿದ್ದಾದರೆ ಇನ್ನೂ ಎಚ್ಚರ ಬೇಕು: ‘ಹನ್ನೆರಡು ನಡೆಯುತ್ತಿದೆ’ ಅಂದರೆ ತುಂಬಿರುವುದು ಹನ್ನೊಂದೇ.