ಯಾರೂ ಹೋಗದ ದೇಶಕ್ಕೆ ಗುಂಪು ಕಟ್ಟಿಕೊಂಡು ಹೋಗುವುದು ಹೇಗೆ?

ಪೆಸಿಫಿಕ್ ಸಾಗರದ ನಡುವೆ ತುವಾಲು ಎಂಬ ಪುಟ್ಟ ದೇಶವಿದೆ. ಅದರ ರಾಜಧಾನಿ ಫುನಾಫುಟಿಯಲ್ಲಿ ವಿಮಾನದ ರನ್‌ವೇ ಸಂಜೆಯಾದರೆ ಆಟದ ಮೈದಾನ. ಹುಡುಗರು ಚೆಂಡಾಡುತ್ತಾರೆ, ದೊಡ್ಡವರು ಗಾಳಿಗೆ ಬಂದು ಕೂರುತ್ತಾರೆ. ವಿಮಾನ ಬರುವ ಮುಂಚೆ ಸೈರನ್ ಕೂಗುತ್ತದೆ, ಎಲ್ಲರೂ ಪಕ್ಕಕ್ಕೆ ಸರಿಯುತ್ತಾರೆ. ವಾರಕ್ಕೆ ಬರುವುದೇ ಬೆರಳೆಣಿಕೆಯಷ್ಟು ವಿಮಾನ, ಅವೂ ಹೆಚ್ಚಾಗಿ ಫಿಜಿಯಿಂದ.

ಇಂಥದ್ದೊಂದು ಫೋಟೊ ಗೆಳೆಯರ ವಾಟ್ಸಾಪ್ ಗುಂಪಿಗೆ ಹಾಕಿ ನೋಡಿ. ಹನ್ನೆರಡು ಜನ 'ನಾನೂ ಬರ್ತೀನಿ' ಅನ್ನುತ್ತಾರೆ. ಟಿಕೆಟ್ ತೆಗೆಯುವ ದಿನ ಉಳಿಯುವುದು ಐದು ಜನ. ಬೇಜಾರಾಗಬೇಡಿ, ಇಂಥ ಪ್ರವಾಸಕ್ಕೆ ಐದು ಜನವೇ ಜಾಸ್ತಿ. ಯಾಕೆ ಅಂತ ಹೇಳುತ್ತೇನೆ.

ಹಂತ 1: ಮೊದಲು ಜನ, ಆಮೇಲೆ ದೇಶ

ರಸ್ತೆ ಸರಿಯಿಲ್ಲದ ದೇಶಗಳಲ್ಲಿ ಓಡಾಟವೆಲ್ಲ ಜೀಪಿನಲ್ಲಿ. ಒಂದು ಜೀಪಿನಲ್ಲಿ ಡ್ರೈವರ್ ಬಿಟ್ಟು ನಾಲ್ಕು ಜನ ಆರಾಮಾಗಿ ಕೂರಬಹುದು. ಐದನೆಯವರು ಬಂದರೆ ಹಿಂದಿನ ಸೀಟಿನ ನಡುವೆ ಸಿಕ್ಕಿಕೊಳ್ಳುತ್ತಾರೆ. ದಿನಕ್ಕೆ ಎಂಟು ಗಂಟೆಯಂತೆ ಹತ್ತು ದಿನ ಹಾಗೆ ಕೂತವರ ಮುಖ ಹೇಗಿರುತ್ತದೆ ಅಂತ ಊಹಿಸಿಕೊಳ್ಳಿ. ಹಾಗಾಗಿ ನಾಲ್ಕು ಜನ ಹೋಗಿ, ಇಲ್ಲವೇ ಎಂಟು ಜನ ಎರಡು ಜೀಪಿನಲ್ಲಿ ಹೋಗಿ. ಎರಡು ಜೀಪಿದ್ದರೆ ಇನ್ನೊಂದು ಲಾಭ: ಒಂದು ಮರಳಲ್ಲಿ ಹೂತುಹೋದರೆ ಇನ್ನೊಂದು ಎಳೆಯುತ್ತದೆ.

ಯಾರನ್ನು ಕರೆದುಕೊಂಡು ಹೋಗಬೇಕು? ಧೈರ್ಯವಂತರನ್ನು ಹುಡುಕಬೇಡಿ. ಮೂರು ದಿನ ಸ್ನಾನ ಇಲ್ಲದಿದ್ದರೂ ಗೊಣಗದವರು ಬೇಕು. ಕಾರ್ಯಕ್ರಮ ಬದಲಾದರೆ ಮುಖ ಊದಿಸಿಕೊಳ್ಳದವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮೈ ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳುವವರು ಬೇಕು. ಈ ಕೊನೆಯ ಗುಣ ನಾವು ಅಂದುಕೊಂಡಷ್ಟು ಸುಲಭವಾಗಿ ಸಿಗುವುದಿಲ್ಲ.

ಹೊರಡುವ ಮೊದಲು ಒಮ್ಮೆ ಹತ್ತಿರದಲ್ಲೇ ಎಲ್ಲಾದರೂ ಎರಡು ರಾತ್ರಿ ಟೆಂಟಿನಲ್ಲಿ ಕಳೆಯಿರಿ. ಮಳೆ ಬಂದರೆ ಇನ್ನೂ ಒಳ್ಳೆಯದು. ಯಾರು ಎದ್ದು ಟೆಂಟಿನ ಹಗ್ಗ ಬಿಗಿಯುತ್ತಾರೆ, ಯಾರು ಮಲಗಿದಲ್ಲಿಂದಲೇ ಸಲಹೆ ಕೊಡುತ್ತಾರೆ ಅಂತ ಗೊತ್ತಾಗುತ್ತದೆ. ಗೊರಕೆ ಯಾರದು ಅಂತಲೂ ಗೊತ್ತಾಗುತ್ತದೆ.

ಅಲ್ಲೇ ಕೂತು ಎರಡು ನಿಯಮ ಮಾಡಿಕೊಳ್ಳಿ. ಎಲ್ಲಿ ಉಳಿಯಬೇಕು, ಏನು ನೋಡಬೇಕು ಅನ್ನುವುದು ಹೆಚ್ಚು ಜನ ಹೇಳಿದಂತೆ. ಅಪಾಯದ ವಿಷಯ ಬಂದರೆ ಮಾತ್ರ ಒಬ್ಬರು 'ಬೇಡ' ಅಂದರೂ ಬೇಡ, ಕಾರಣ ಕೇಳುವಂತಿಲ್ಲ. ಕೆಲಸವನ್ನೂ ಹಂಚಿಕೊಳ್ಳಿ: ಕಾಗದಪತ್ರ ಒಬ್ಬರಿಗೆ, ಹಣ ಒಬ್ಬರಿಗೆ, ಔಷಧದ ಡಬ್ಬಿ ಒಬ್ಬರಿಗೆ. ಎಲ್ಲವನ್ನೂ ಒಬ್ಬರೇ ಹೊತ್ತರೆ ಐದನೆಯ ದಿನಕ್ಕೆ ಅವರು ಎಲ್ಲರ ಮೇಲೂ ರೇಗಲು ಶುರು ಮಾಡುತ್ತಾರೆ.

ಹಂತ 2: ಅಲ್ಲಿಗೆ ಯಾರೂ ಯಾಕೆ ಹೋಗುವುದಿಲ್ಲ ಅಂತ ಕೇಳಿ

ದೇಶ ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೇ. ತುವಾಲು, ಕಿರಿಬಾಟಿಯಂಥ ದ್ವೀಪಗಳಿಗೆ ಜನ ಹೋಗದಿರುವುದು ದೂರದ ಕಾರಣಕ್ಕೆ. ತುರ್ಕಮೆನಿಸ್ತಾನದಲ್ಲಿ ಅಡ್ಡಿ ಇರುವುದು ಕಾಗದದ್ದು: ಆಹ್ವಾನ ಪತ್ರ ಬೇಕು, ಪ್ರವಾಸಿಯಾದರೆ ಜೊತೆಗೆ ಗೈಡ್ ಇರಬೇಕು. ಅಷ್ಟು ಮಾಡಿಕೊಂಡವರಿಗೆ ಕಾರಾಕುಮ್ ಮರುಭೂಮಿಯಲ್ಲಿ ದಶಕಗಳಿಂದ ಉರಿಯುತ್ತಿರುವ ದರ್ವಾಜಾ ಅನಿಲ ಕುಳಿ ನೋಡಲು ಸಿಗುತ್ತದೆ. ಇನ್ನು ದಕ್ಷಿಣ ಅಮೆರಿಕದ ಗಯಾನಾ. ಅಲ್ಲಿನ ಕೈಟೂರ್ ಜಲಪಾತ 226 ಮೀಟರ್ ಎತ್ತರದಿಂದ ಒಂದೇ ಜಿಗಿತಕ್ಕೆ ಬೀಳುತ್ತದೆ. ರಾಜಧಾನಿ ಜಾರ್ಜ್‌ಟೌನ್‌ನಿಂದ ಸಣ್ಣ ವಿಮಾನದಲ್ಲಿ ಹೋಗಬಹುದು. ಆದರೂ ಆ ಹೆಸರು ಕೇಳಿದವರೇ ಕಡಿಮೆ. ಆಫ್ರಿಕಾದ ಪುಟ್ಟ ದ್ವೀಪದೇಶಗಳಾದ ಸಾವೊ ಟೋಮೆ ಮತ್ತು ಪ್ರಿನ್ಸಿಪೆ, ಕೊಮೊರೊಸ್ ಕೂಡ ಹಾಗೇ. ಜನ ಸುಮ್ನೆ ಮರೆತುಬಿಟ್ಟ ದೇಶಗಳಿವು.

ನಾಲ್ಕನೆಯ ಕಾರಣ ಯುದ್ಧ, ಅಪಹರಣ. ಆ ಪಟ್ಟಿಗೆ ಕೈ ಹಾಕಬೇಡಿ. ಅಲ್ಲಿಗೂ ಕರೆದುಕೊಂಡು ಹೋಗುವವರು ಇದ್ದಾರೆ ನಿಜ. ಆದರೆ ಅಲ್ಲಿ ಏನಾದರೂ ಆದರೆ ಕಷ್ಟಪಡುವುದು ನೀವೊಬ್ಬರೇ ಅಲ್ಲ, ನಿಮ್ಮನ್ನು ಕಾಯಲು ಬಂದ ಡ್ರೈವರ್ ಮನೆಯವರೂ ಕೂಡ.

ನಿಮ್ಮ ಸರ್ಕಾರದ ಪ್ರಯಾಣ ಸೂಚನೆಯ ಜೊತೆಗೆ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ ಸರ್ಕಾರಗಳದ್ದನ್ನೂ ಓದಿ. ಒಂದೇ ದೇಶದ ಬಗ್ಗೆ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ದೇಶದ ಹೆಸರಿನ ಹತ್ತಿರ ನಿಲ್ಲದೆ ಜಿಲ್ಲೆ, ಗಡಿಯ ಮಟ್ಟಕ್ಕೆ ಇಳಿದು ನೋಡಿ. ಕಿರ್ಗಿಸ್ತಾನ, ತಜಿಕಿಸ್ತಾನದ ನಡುವಿನ ಗಡಿ 2021ರ ಘರ್ಷಣೆಯ ನಂತರ ಮುಚ್ಚಿತು. ಎರಡೂ ದೇಶ ಗಡಿ ಒಪ್ಪಂದಕ್ಕೆ ಸಹಿ ಹಾಕಿದ್ದು 2025ರ ಮಾರ್ಚ್‌ನಲ್ಲಿ. ಈ ನಡುವೆ ಹಳೆಯ ಪ್ರವಾಸ ಪುಸ್ತಕ ನಂಬಿ ಹೊರಟವರಿಗೆ ದಾರಿ ಅರ್ಧಕ್ಕೇ ಮುಗಿಯುತ್ತಿತ್ತು.

ಹಂತ 3: ಕಾಗದಪತ್ರಕ್ಕೆ ಆರು ತಿಂಗಳು

ಪಾಸ್‌ಪೋರ್ಟ್ ಅವಧಿ ವಾಪಸ್ ಬಂದ ಮೇಲೂ ಆರು ತಿಂಗಳು ಇರಲಿ. ಖಾಲಿ ಪುಟ ನಾಲ್ಕಾದರೂ ಇರಲಿ. ಕೆಲವು ವೀಸಾ ಇಡೀ ಪುಟ ನುಂಗುತ್ತವೆ.

ಗುಂಪು ವೀಸಾ ಅಂದರೆ ಸ್ವಲ್ಪ ಎಚ್ಚರಿಕೆ ಬೇಕು. ನೇಪಾಳದ ಕಡೆಯಿಂದ ಟಿಬೆಟ್‌ಗೆ ಹೋಗುವವರಿಗೆ ಕೊಡುವುದು ಇಂಥದ್ದೇ. ಎಲ್ಲರ ಹೆಸರೂ ಒಂದೇ ಹಾಳೆಯಲ್ಲಿ, ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬರಬೇಕು. ನಡುವೆ ಒಬ್ಬರಿಗೆ ಜ್ವರ ಬಂದು ಬೇಗ ಹೊರಡಬೇಕಾದರೆ ಕಚೇರಿ ಅಲೆಯಬೇಕಾಗುತ್ತದೆ. ಬೇರೆ ಬೇರೆ ವೀಸಾ ಸಿಗುವುದಾದರೆ ಅದನ್ನೇ ತೆಗೆದುಕೊಳ್ಳಿ, ನಾಲ್ಕು ಕಾಸು ಜಾಸ್ತಿಯಾದರೂ ಸರಿ.

ವೀಸಾ ಸಿಕ್ಕಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ತಜಿಕಿಸ್ತಾನದ ಎತ್ತರದ ಪರ್ವತಗಳ ಪಾಮಿರ್ ಭಾಗ, ಅಂದರೆ ಗೋರ್ನೊ-ಬದಖ್‌ಶಾನ್‌ಗೆ ಕಾಲಿಡಲು ಬೇರೆ ಪರ್ಮಿಟ್ ಬೇಕು. ದಾರಿಯ ಚೆಕ್‌ಪೋಸ್ಟ್‌ಗಳಲ್ಲಿ ಪಾಸ್‌ಪೋರ್ಟ್ ನೋಡಿ ಹೆಸರನ್ನು ಕೈಯಲ್ಲೇ ಬರೆದುಕೊಳ್ಳುತ್ತಾರೆ. ಎಲ್ಲರ ಪಾಸ್‌ಪೋರ್ಟ್, ಪರ್ಮಿಟ್‌ಗಳ ಹತ್ತು ಹದಿನೈದು ಜೆರಾಕ್ಸ್ ಪ್ರತಿ ಡ್ರೈವರ್ ಕೈಗೆ ಕೊಟ್ಟಿಡಿ. ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಬರುತ್ತದೆ.

ಹಂತ 4: ಲಸಿಕೆ, ಮಾತ್ರೆ, ವಿಮೆ

ಎಂಟು ವಾರ ಮುಂಚೆಯೇ ಪ್ರಯಾಣದ ಆರೋಗ್ಯ ತಿಳಿದ ವೈದ್ಯರನ್ನು ನೋಡಿ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತು ದಿನದ ನಂತರವಷ್ಟೇ ಊರ್ಜಿತವಾಗುತ್ತದೆ. ಹಿಂದಿನ ದಿನ ಹಾಕಿಸಿಕೊಂಡು ಹೊರಟರೆ ಗಡಿಯಲ್ಲಿ ನಿಲ್ಲಿಸುತ್ತಾರೆ. 2016ರಿಂದ ಆ ಪತ್ರ ಜೀವನಪೂರ್ತಿಗೆ ನಡೆಯುತ್ತದೆ, ಹಾಗಾಗಿ ಕಳೆದುಕೊಳ್ಳಬೇಡಿ. ಮಲೇರಿಯಾ ಮಾತ್ರೆ ಕೆಲವನ್ನು ಒಂದೆರಡು ದಿನ ಮುಂಚೆ ಶುರು ಮಾಡಿದರೆ ಸಾಕು, ಕೆಲವಕ್ಕೆ ಎರಡು ಮೂರು ವಾರ ಬೇಕು. ವಾಪಸ್ ಬಂದ ಮೇಲೂ ಮುಂದುವರಿಸಬೇಕು. ಎಲ್ಲರೂ ಮರೆಯುವುದು ಅದನ್ನೇ.

ರೇಬಿಸ್ ಲಸಿಕೆಯನ್ನು ಮೊದಲೇ ಹಾಕಿಸಿಕೊಳ್ಳುವುದು ಒಳ್ಳೆಯದು. ಆಸ್ಪತ್ರೆ ಒಂದು ದಿನದ ದಾರಿ ಇರುವ ಜಾಗದಲ್ಲಿ ನಾಯಿ ಕಚ್ಚಿದರೆ ಏನು ಮಾಡುತ್ತೀರಿ? ಹದಿನೈದು ನಿಮಿಷ ಸೋಪು, ನೀರಿನಲ್ಲಿ ಗಾಯ ತೊಳೆಯಬೇಕು, ಆಮೇಲೆ ಮತ್ತೆ ಲಸಿಕೆ ಬೇಕೇ ಬೇಕು. ಆದರೆ ಮೊದಲೇ ಹಾಕಿಸಿಕೊಂಡವರಿಗೆ ಇಮ್ಯುನೊಗ್ಲಾಬ್ಯುಲಿನ್ (ರೇಬಿಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ) ಚುಚ್ಚುಮದ್ದು ಹುಡುಕುತ್ತಾ ಅಲೆಯುವ ಪಾಡಿಲ್ಲ. ಸಣ್ಣ ಊರುಗಳಲ್ಲಿ ಅದು ಸಿಗುವುದೇ ಕಷ್ಟ.

ವಿಮೆಯ ಕಾಗದದಲ್ಲಿ ಮೂರು ಸಾಲು ಹುಡುಕಿ ಓದಿ. ಹೋಗಬೇಡಿ ಅಂತ ಸರ್ಕಾರ ಹೇಳಿದ ಜಾಗಕ್ಕೆ ಹೋದರೆ ಹಣ ಬರುತ್ತದಾ? ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ? ಅಲ್ಲಿಂದ ಹೊರಗೆ ಸಾಗಿಸುವ ಖರ್ಚು ಸೇರಿದೆಯಾ? ಮೂರಕ್ಕೂ ಸರಿಯಾದ ಉತ್ತರ ಇಲ್ಲದಿದ್ದರೆ ಆ ವಿಮೆ ಇದ್ದೂ ಇಲ್ಲದ ಹಾಗೆ.

ಹಂತ 5: ಖಾಲಿ ದಿನಗಳನ್ನು ಇಟ್ಟುಕೊಳ್ಳಿ

ಐದು ದಿನಕ್ಕೊಂದು ದಿನ ಏನೂ ಕಾರ್ಯಕ್ರಮ ಇಲ್ಲದೆ ಬಿಡಿ. 'ಅಷ್ಟು ದೂರ ಹೋಗಿ ಸುಮ್ನೆ ಕೂರೋದಾ?' ಅಂತ ಯಾರಾದರೂ ಕೇಳುತ್ತಾರೆ. ಅವರಿಗೆ ನಮ್ಮ ಗುಂಪಿನ ಕತೆ ಹೇಳಿ.

ಕಿರ್ಗಿಸ್ತಾನ, ತಜಿಕಿಸ್ತಾನದ ಗಡಿ ಮುಚ್ಚುವ ಮುಂಚಿನ ಮಾತು. ನಾವು ನಾಲ್ಕು ಜನ ಕಿರ್ಗಿಸ್ತಾನದ ಓಶ್‌ನಿಂದ ತಜಿಕಿಸ್ತಾನದ ಕಡೆಗೆ ಪಾಮಿರ್ ಹೆದ್ದಾರಿ ಹಿಡಿದೆವು. ಓಶ್ ಸಾವಿರ ಮೀಟರ್ ಎತ್ತರದ ಆಸುಪಾಸಿನಲ್ಲಿದೆ. ಮರುದಿನ ರಾತ್ರಿ ಮಲಗಿದ್ದು ಕರಾಕುಲ್ ಸರೋವರದ ಪಕ್ಕ, ಸುಮಾರು 3,900 ಮೀಟರ್‌ನಲ್ಲಿ. ಇದೇ ನಾವು ಮಾಡಿದ ತಪ್ಪು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ತಜಿಕಿಸ್ತಾನದ ರಾಜಧಾನಿ ದುಶಾಂಬೆ ಕಡೆಯಿಂದ ಖೋರೊಗ್ ಪಟ್ಟಣದ ಮೂಲಕ ಬಂದಿದ್ದರೆ ನಿಧಾನಕ್ಕೆ ಏರುತ್ತಿದ್ದೆವು. ಗೊತ್ತಿತ್ತು. ರಜೆ ಉಳಿಸಲು ಹೋದೆವು.

ಅದರ ಮರುದಿನ 4,655 ಮೀಟರ್ ಎತ್ತರದ ಅಕ್-ಬೈತಾಲ್ ಕಣಿವೆದಾರಿ ದಾಟಿ ಮುರ್ಘಾಬ್‌ಗೆ ಬಂದೆವು. ಸಂಜೆ ಅತಿಥಿಗೃಹದ ಬಾಗಿಲಲ್ಲಿ ಗೆಳೆಯ ಕೂತು ಬೂಟಿನ ಲೇಸ್ ಬಿಚ್ಚುತ್ತಿದ್ದ. ಬಿಚ್ಚುತ್ತಲೇ ಇದ್ದ. ಒಂದು ಗಂಟಿಗೆ ಐದು ನಿಮಿಷ. ಊಟ ಬೇಡ ಅಂದ. ಒತ್ತಾಯಿಸಿ ಕೇಳಿದಾಗ ಬಾಯಿಬಿಟ್ಟ: ಕರಾಕುಲ್‌ನಲ್ಲೇ ತಲೆನೋವು ಶುರುವಾಗಿತ್ತಂತೆ. 'ನನ್ನಿಂದ ಎಲ್ಲರ ಟ್ರಿಪ್ ಹಾಳಾಗಬಾರದು ಅಂತ ಹೇಳ್ಲಿಲ್ಲ ಕಣೋ.'

ಗುಂಪಿನಲ್ಲಿ ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಒಂಟಿಯಾಗಿ ಹೋದವನು ತಲೆನೋವು ಬಂದರೆ ನಿಲ್ಲುತ್ತಾನೆ. ಗುಂಪಿನಲ್ಲಿರುವವನು ಸಂಕೋಚಕ್ಕೆ ಮುಂದೆ ಹೋಗುತ್ತಾನೆ.

ಬೇಗ ಬೇಗ ಮೇಲೆ ಏರಿದವರಿಗೆ ಬರುವ ಎತ್ತರದ ಕಾಯಿಲೆ ಜೋರಾದರೆ ಕೆಳಗೆ ಇಳಿಯುವುದೊಂದೇ ದಾರಿ. ಆದರೆ ಮುರ್ಘಾಬ್ ಇರುವುದು ಸುಮಾರು 3,600 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ. ಖೋರೊಗ್ ಕಡೆ ಇಳಿಯಬೇಕಾದರೂ ಮೊದಲು 4,200 ಮೀಟರ್ ದಾಟಿದ ಕೋಯ್-ತೆಜೆಕ್ ಕಣಿವೆದಾರಿ ಏರಬೇಕು! ನಕಾಶೆಯಲ್ಲಿ ಇದು ಕಾಣುವುದಿಲ್ಲ. ಡ್ರೈವರ್ ಗೆಳೆಯನನ್ನು ಅಂಗಳಕ್ಕೆ ಕರೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸುತ್ತಾ ಗೆರೆ ಎಳೆದಂತೆ ನಡೆಸಿದ. ಓಲಾಡಿದ್ದರೆ ಮೆದುಳಿಗೆ ನೀರು ಸೇರಿಕೊಳ್ಳುತ್ತಿರುವ ಲಕ್ಷಣ, ಆ ರಾತ್ರಿಯೇ ಹೊರಡಬೇಕಿತ್ತು. ಓಲಾಡಲಿಲ್ಲ. 'ನಾಳೆ ಗಾಡಿ ಇಲ್ಲ' ಎಂದಷ್ಟೇ ಹೇಳಿ ಡ್ರೈವರ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಎರಡು ದಿನ ಅಲ್ಲೇ ಕೂತೆವು. ಗೆಳೆಯ ಸುಧಾರಿಸಿಕೊಂಡ. ನಾವು ನೋಡಬೇಕೆಂದಿದ್ದ ಎರಡು ಜಾಗ ಬಿಟ್ಟುಹೋದವು, ಅವುಗಳ ಹೆಸರೂ ಈಗ ಸರಿಯಾಗಿ ನೆನಪಿಲ್ಲ.

ಖಾಲಿ ದಿನ ಮೊದಲೇ ಪಟ್ಟಿಯಲ್ಲಿದ್ದರೆ ಬಾಯಿಬಿಡಲು ಯಾರಿಗೂ ಸಂಕೋಚ ಆಗುವುದಿಲ್ಲ. ಜೊತೆಗೆ ದಿನಾ ರಾತ್ರಿ ಒಬ್ಬೊಬ್ಬರಾಗಿ ಮೂರು ಪ್ರಶ್ನೆಗೆ ಉತ್ತರ ಹೇಳುವ ರೂಢಿ ಮಾಡಿಕೊಳ್ಳಿ: ತಲೆ ಹೇಗಿದೆ, ಹೊಟ್ಟೆ ಹೇಗಿದೆ, ನಿದ್ದೆ ಬಂತಾ. ನಾಚಿಕೆ ಎರಡನೆಯ ದಿನಕ್ಕೇ ಹೋಗುತ್ತದೆ.

ಹಂತ 6: ಹಣ ಮತ್ತು ಚೀಲ

ಇಂಥ ಎಷ್ಟೋ ಕಡೆ ಕಾರ್ಡ್ ನಡೆಯುವುದಿಲ್ಲ. ಅಮೆರಿಕನ್ ಡಾಲರ್ ನೋಟು ಬೇಕು, ಅದೂ ಹೊಸದು. ಮಡಿಕೆ ಹರಿದಿದ್ದರೆ, ಮೂಲೆಯಲ್ಲಿ ಶಾಯಿ ಗುರುತಿದ್ದರೆ ಕೈಯಲ್ಲಿ ತಿರುಗಿಸಿ ನೋಡಿ ವಾಪಸ್ ಕೊಡುತ್ತಾರೆ. ನೋಟುಗಳನ್ನು ಪುಸ್ತಕದೊಳಗೆ ಮಡಿಸದೆ ಇಡಿ, ಇಬ್ಬರ ಚೀಲದಲ್ಲಿ ಹಂಚಿ ಇಡಿ. ಎಲ್ಲರೂ ಸಮನಾಗಿ ಹಾಕಿದ ಒಂದು ಸಾಮಾನ್ಯ ಪರ್ಸ್ ಇರಲಿ, ಖರ್ಚನ್ನು ಪುಟ್ಟ ಪುಸ್ತಕದಲ್ಲಿ ಅಂದಂದೇ ಬರೆಯಿರಿ.

ಚೀಲ ಒಬ್ಬರಿಗೆ ಒಂದು, ಮೆತ್ತನೆಯದು. ಸಣ್ಣ ವಿಮಾನದಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲ. ಡ್ರೋನ್ ಮನೆಯಲ್ಲೇ ಇರಲಿ. ಪ್ರವಾಸಿಗರು ತುಂಬಿ ತುಳುಕುವ ಮೊರಾಕೊದಲ್ಲೇ ಅದನ್ನು ವಿಮಾನ ನಿಲ್ದಾಣದಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ.

ಹಂತ 7: ಹೋದ ಮೇಲೆ

ಸೇತುವೆ, ಸೈನಿಕರು, ಚೆಕ್‌ಪೋಸ್ಟ್, ಸರ್ಕಾರಿ ಕಟ್ಟಡಗಳ ಫೋಟೊ ಬೇಡ. ಒಬ್ಬರು ಕ್ಲಿಕ್ ಮಾಡಿದರೆ ನಾಲ್ವರೂ ಠಾಣೆಯಲ್ಲಿ ಕೂರಬೇಕಾಗುತ್ತದೆ.

ಸಮಯ ಹೇಳಿದಾಗ ಎರಡು ಸಲ ಕೇಳಿ. ಇಥಿಯೋಪಿಯಾದಲ್ಲಿ ಗಡಿಯಾರದ ಲೆಕ್ಕ ಶುರುವಾಗುವುದು ಬೆಳಗ್ಗೆ ಆರಕ್ಕೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಬಸ್ಸು 'ಒಂದು ಗಂಟೆಗೆ' ಅಂದಾಗ ಮಧ್ಯಾಹ್ನ ಅಂದುಕೊಂಡು ಮಲಗಿದವರ ಬಸ್ಸು ಬೆಳಗ್ಗೆಯೇ ಹೋಗಿರುತ್ತದೆ. ಅವರ ಕ್ಯಾಲೆಂಡರಿನಲ್ಲಿ ಹದಿಮೂರು ತಿಂಗಳು ಬೇರೆ ಇವೆ, ತಾರೀಕನ್ನೂ ಖಚಿತ ಮಾಡಿಕೊಳ್ಳಿ.

ವಾಪಸ್ ಬರುವಾಗ ಸಣ್ಣ ವಿಮಾನಕ್ಕೂ ದೊಡ್ಡ ವಿಮಾನಕ್ಕೂ ನಡುವೆ ಎರಡು ಮೂರು ದಿನ ಬಿಡಿ. ಫುನಾಫುಟಿಯಂಥ ಕಡೆ ಇವತ್ತಿನ ವಿಮಾನ ರದ್ದಾದರೆ ನಾಳೆ ಇನ್ನೊಂದು ಇರುವುದಿಲ್ಲ. ಕಾಯುವ ಹೊತ್ತಿನಲ್ಲಿ ಆ ಪುಟ್ಟ ಪುಸ್ತಕ ತೆಗೆದು ಲೆಕ್ಕ ಮುಗಿಸಿ, ಯಾರು ಯಾರಿಗೆ ಎಷ್ಟು ಬಾಕಿ ಅಂತ ಅಲ್ಲೇ ಚುಕ್ತಾ ಮಾಡಿ. ಮನೆಗೆ ಹೋದ ಮೇಲೆ ಅದನ್ನು ಯಾರೂ ತೆರೆಯುವುದಿಲ್ಲ.