ಪ್ರೈಮರಿಯಲ್ಲಿ ಯಾರಿಗೆ ವೋಟು? ನಾನು ನೋಡುವ ರೀತಿ ಇದು

ಅಮೆರಿಕದ ಸಿಟಿಜನ್ ಆಗಿ ಮೊದಲ ಸಲ ಅಧ್ಯಕ್ಷೀಯ ಪ್ರೈಮರಿಗೆ (ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಆರಿಸುವ ಚುನಾವಣೆ) ವೋಟು ಹಾಕುವ ಗೆಳೆಯರು ಕೇಳುವುದು ಒಂದೇ ಪ್ರಶ್ನೆ: ಇಷ್ಟು ಜನ ನಿಂತಿದ್ದಾರಲ್ಲ, ಯಾರನ್ನು ಆರಿಸೋದು? ಅದಕ್ಕೂ ಮೊದಲು ನಿಮ್ಮ ಕೈಗೆ ಯಾವ ಬ್ಯಾಲಟ್ ಬರುತ್ತದೆ ಅಂತ ನೋಡಿಕೊಳ್ಳಿ. ನಾನಿರುವ ಕ್ಯಾಲಿಫೋರ್ನಿಯಾದಲ್ಲಿ 2020 ಮತ್ತು 2024ರಲ್ಲಿ, ಯಾವ ಪಕ್ಷಕ್ಕೂ ಹೆಸರು ಬರೆಸದವರು ಕೇಳಿ ಪಡೆದರೆ ಡೆಮಾಕ್ರಟಿಕ್ ಬ್ಯಾಲಟ್ ಸಿಗುತ್ತಿತ್ತು. ರಿಪಬ್ಲಿಕನ್ ಬ್ಯಾಲಟ್ ಬೇಕಿದ್ದರೆ ಆ ಪಕ್ಷಕ್ಕೇ ನೋಂದಾಯಿಸಬೇಕಿತ್ತು. ಪೆನ್ಸಿಲ್ವೇನಿಯಾದಲ್ಲಿ ಎರಡರಲ್ಲಿ ಯಾವ ಬ್ಯಾಲಟ್ ಬೇಕಿದ್ದರೂ ಆ ಪಕ್ಷಕ್ಕೆ ನೋಂದಾಯಿಸಿರಬೇಕು. ಟೆಕ್ಸಸ್‌ನಲ್ಲಿ ಆ ತಾಪತ್ರಯವೇ ಇಲ್ಲ.

ಇನ್ನು ಆಯ್ಕೆಯ ವಿಷಯ. ಡಿಬೇಟ್ ನೋಡಿ ತೀರ್ಮಾನ ಮಾಡಬೇಡಿ, ಅಲ್ಲಿ ಗೆಲ್ಲುವುದು ಬಾಯಿ. ಒಂದು ಹಾಳೆ ತೆಗೆದು ನಿಮಗೆ ನಿಜವಾಗಿ ತಟ್ಟುವ ಎರಡು ವಿಷಯ ಬರೆಯಿರಿ. ಹತ್ತು ಬರೆದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ. ನನ್ನ ಹಾಳೆಯಲ್ಲಿರುವುದು ಹೆಲ್ತ್ ಇನ್ಶೂರೆನ್ಸ್ ಮತ್ತು ಗ್ರೀನ್ ಕಾರ್ಡ್ ಕ್ಯೂ. ಎರಡನೆಯದು ತಂಗಿಯ ಗಂಡನ ದೆಸೆಯಿಂದ. ಪಾಪ, ಇನ್ನೂ ಕಾಯುತ್ತಿದ್ದಾನೆ.

ಪ್ರತಿ ವಿಷಯದ ಪಕ್ಕದಲ್ಲಿ ಬರೆಯಿರಿ: ಇದು ಅಧ್ಯಕ್ಷರ ಕೈಯಲ್ಲಿದೆಯಾ, ಕಾಂಗ್ರೆಸ್ಸಿನ (ಅಂದರೆ ಅಮೆರಿಕದ ಸಂಸತ್ತಿನ) ಕೈಯಲ್ಲಾ? ಉದಾಹರಣೆಗೆ ಕ್ಯೂ ತಗೊಳ್ಳಿ. ವರ್ಷಕ್ಕೆ ಕೊಡುವ ಗ್ರೀನ್ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ. 7ಕ್ಕಿಂತ ಜಾಸ್ತಿ ಸಿಗಬಾರದು ಅನ್ನುವ ಮಿತಿ ಕಾನೂನಿನಲ್ಲೇ ಇದೆ. ಅಧ್ಯಕ್ಷರು ಒಬ್ಬರೇ ಅದನ್ನು ತೆಗೆಯುವ ಹಾಗಿಲ್ಲ. ಹಾಗಾಗಿ ಬಂದ ಕೂಡಲೇ ಕ್ಯೂ ಕರಗಿಸುತ್ತೇನೆ ಅನ್ನುವವರಿಗೆ ನಾನು ಅರ್ಧ ಮಾರ್ಕೂ ಕೊಡುವುದಿಲ್ಲ. ಆದರೆ ಎಚ್-4 ವೀಸಾದಲ್ಲಿರುವ (ಎಚ್-1ಬಿ ನೌಕರರ ಗಂಡ ಅಥವಾ ಹೆಂಡತಿ) ಕೆಲವರಿಗೆ ಕೆಲಸದ ಅನುಮತಿ ಸಿಕ್ಕಿದ್ದು 2015ರಲ್ಲಿ, ಬರೀ ಇಲಾಖೆಯ ನಿಯಮದಿಂದ. ಒಂದು ಸರ್ಕಾರ ಕೊಟ್ಟ ನಿಯಮವನ್ನು ಇನ್ನೊಂದು ವಾಪಸ್ ತೆಗೆಯಲು ಹೊರಡಬಹುದು. ಅಲ್ಲಿ ಅಭ್ಯರ್ಥಿಯ ಮನಸ್ಸು ಏನು ಅನ್ನುವುದು ನಿಜಕ್ಕೂ ಮುಖ್ಯ.

ಆಮೇಲೆ ಅವರ ಹಳೇ ಲೆಕ್ಕ. ಕಾಂಗ್ರೆಸ್ಸಿನ ಎರಡು ಸದನಗಳಾದ ಸೆನೆಟ್ ಅಥವಾ ಹೌಸ್ ಸದಸ್ಯರಾಗಿದ್ದರೆ ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಮಸೂದೆಯ ಹೆಸರು ಹಾಕಿ, ಯಾರು ಮಂಡಿಸಿದರು, ಯಾರು ಬೆಂಬಲಿಸಿ ಸಹಿ ಹಾಕಿದರು ಎಲ್ಲ ಸಿಗುತ್ತದೆ. ಉದ್ಯೋಗದ ಗ್ರೀನ್ ಕಾರ್ಡುಗಳಿಗೆ ಆ ಶೇ. 7ರ ಮಿತಿ ತೆಗೆಯುವ ಮಸೂದೆ 2019ರಲ್ಲಿ ಹೌಸ್‌ನಲ್ಲಿ 365-65 ಮತಗಳಿಂದ ಪಾಸಾಯಿತು. ಸೆನೆಟ್‌ನಲ್ಲಿ ಅಂಥದ್ದೇ ಮಸೂದೆಗೆ ರಿಪಬ್ಲಿಕನ್ ಮೈಕ್ ಲೀ ಜೊತೆ ನಿಂತವರು ಡೆಮಾಕ್ರಟ್ ಕಮಲಾ ಹ್ಯಾರಿಸ್. ಕೊನೆಗೆ ಕಾನೂನಾಗಲಿಲ್ಲ, ಅದು ಬೇರೆ ಮಾತು. ಗವರ್ನರ್ ಆಗಿದ್ದವರಾದರೆ ಯಾವುದಕ್ಕೆ ವೀಟೊ ಹಾಕಿದರು ಅಂತ ಹುಡುಕಿ, ಭಾಷಣಕ್ಕಿಂತ ಅದೇ ಜಾಸ್ತಿ ಹೇಳುತ್ತದೆ. ಪ್ರಚಾರದ ದುಡ್ಡು ಎಲ್ಲಿಂದ ಬಂತು ಅಂತ ಅಮೆರಿಕದ ಚುನಾವಣಾ ಆಯೋಗವಾದ ಎಫ್‌ಇಸಿ ಸೈಟಿನಲ್ಲಿ ಒಮ್ಮೆ ಕಣ್ಣಾಡಿಸಿದರೆ ಸಾಕು.

ಗೆಲ್ಲುವ ಕುದುರೆಗೇ ಕಟ್ಟಬೇಕಾ? ಪ್ರೈಮರಿಯಲ್ಲಿ ಬೇಡ ಅಂತ ನನ್ನ ಅಭಿಪ್ರಾಯ. ನವೆಂಬರ್‌ನಲ್ಲಿ ಆ ಲೆಕ್ಕಾಚಾರ ಹೇಗೂ ಬರುತ್ತದೆ. ಆದರೆ ಡೆಮಾಕ್ರಟಿಕ್ ಪಕ್ಷದಲ್ಲಿ ಶೇ. 15 ಮತ ದಾಟದವರಿಗೆ, ಅಭ್ಯರ್ಥಿಯನ್ನು ಕೊನೆಗೆ ಆರಿಸುವ ಪಕ್ಷದ ಪ್ರತಿನಿಧಿಗಳಾದ ಡೆಲಿಗೇಟ್‌ಗಳೇ ಸಿಗುವುದಿಲ್ಲ. ನಿಮಗೆ ಇಷ್ಟವಾದವರು ಶೇ. 3ರಲ್ಲೇ ತೆವಳುತ್ತಿದ್ದರೆ ಎರಡನೇ ಆಯ್ಕೆಯನ್ನೂ ಯೋಚಿಸಿಟ್ಟುಕೊಳ್ಳಿ.

ಬ್ಯಾಲಟ್ ಮನೆಗೆ ಬಂತು ಅಂತ ಅವತ್ತೇ ಪೋಸ್ಟ್ ಮಾಡಬೇಡಿ. 2020ರಲ್ಲಿ ನಮ್ಮ ಪ್ರೈಮರಿ ಇದ್ದದ್ದು ಮಾರ್ಚ್ 3ಕ್ಕೆ. ಡೆಮಾಕ್ರಟಿಕ್ ಅಭ್ಯರ್ಥಿಯಾಗಲು ನಿಂತಿದ್ದ ಪೀಟ್ ಬುಟಿಜೆಜ್ ಮಾರ್ಚ್ 1ಕ್ಕೆ ಹಿಂದೆ ಸರಿದರು, ಏಮಿ ಕ್ಲೋಬುಚಾರ್ ಮರುದಿನವೇ. ಅವರಿಗೆ ಮೊದಲೇ ಹಾಕಿ ಕಳಿಸಿದ್ದವರಿಗೆ ಇನ್ನೊಂದು ಬ್ಯಾಲಟ್ ಸಿಗಲಿಲ್ಲ. ಅದಕ್ಕೇ ನಾನು ಕೊನೆಯ ವಾರಾಂತ್ಯದವರೆಗೂ ಕವರನ್ನು ಮುಚ್ಚುವುದಿಲ್ಲ. ಆಮೇಲೆ ಅಂಚೆಗೆ ಹಾಕದೆ, ಬ್ಯಾಲಟ್ ಹಾಕಲೆಂದೇ ಇಟ್ಟಿರುವ ಡ್ರಾಪ್ ಬಾಕ್ಸಿಗೇ ಹಾಕುತ್ತೇನೆ. ಕವರಿನ ಮೇಲೆ ಸಹಿ ಮಾತ್ರ ಮರೆಯಬೇಡಿ.