ದೊಡ್ಡ ಗೇಮ್‌ಗೆ ದುಡ್ಡು ಕೊಡುವ ಮುಂಚೆ ಏನೇನು ನೋಡಬೇಕು

ನಾಲ್ಕೈದು ಸಾವಿರ ರೂಪಾಯಿ ಕೊಟ್ಟು ಹೊಸ ಗೇಮ್ ತಗೊಂಡು, ರಾತ್ರಿಯಿಡೀ ನೂರು ಜಿಬಿ ಡೌನ್‌ಲೋಡ್ ಮಾಡಿ, ಬೆಳಗ್ಗೆ ತೆರೆದು ನೋಡಿದರೆ ಅದು ತಡವರಿಸಿಕೊಂಡು ಓಡುತ್ತದೆ, ಮಧ್ಯೆ ಕ್ರ್ಯಾಶ್ ಆಗುತ್ತದೆ, ಸಂಜೆ ಹೊತ್ತಿಗೆ ಕಂಪನಿಯಿಂದ "ಕ್ಷಮಿಸಿ, ಪ್ಯಾಚ್ (ದೋಷ ಸರಿ ಮಾಡುವ ಅಪ್‌ಡೇಟ್) ಬರುತ್ತಿದೆ" ಅಂತ ಒಂದು ಪ್ರಕಟಣೆ ಬರುತ್ತದೆ. ಇದು ಎಷ್ಟು ಸಲ ಆಗಿದೆ ಅಂದರೆ ಈಗ ಯಾರಿಗೂ ಆಶ್ಚರ್ಯವೇ ಆಗುವುದಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಅರ್ಧ ಹೊಲಿದ ಅಂಗಿಯನ್ನು ಪೂರ್ತಿ ಬೆಲೆಗೆ ಕೊಟ್ಟರೆ ನಾವು ಸುಮ್ನೆ ಮನೆಗೆ ಬರುತ್ತೇವಾ? ಇಲ್ಲ ಅಲ್ವಾ?

ಆದರೆ ಬರೀ ಸಿಟ್ಟಿನಿಂದ ದುಡ್ಡು ಉಳಿಯುವುದಿಲ್ಲ. ಯಾವಾಗ ಕೊಳ್ಳಬೇಕು, ಏನು ನೋಡಿ ಕೊಳ್ಳಬೇಕು, ಸರಿ ಇಲ್ಲದಿದ್ದರೆ ಹೇಗೆ ವಾಪಸ್ ಕೊಡಬೇಕು, ಇಷ್ಟು ಗೊತ್ತಿದ್ದರೆ ಮೋಸ ಹೋಗುವುದು ತುಂಬಾ ಕಡಿಮೆ ಆಗುತ್ತದೆ.

ಮೊದಲು ಹೀಗೆ ಯಾಕೆ ಆಗುತ್ತಿದೆ ಅಂತ ಸ್ವಲ್ಪ ನೋಡೋಣ. 2023ರಲ್ಲಿ ಅಮೆರಿಕದ ಒಂದು ಕೋರ್ಟ್ ಕೇಸಿನ ದಾಖಲೆಗಳಲ್ಲಿ ಸೋನಿ ಕಂಪನಿಯ ಗೇಮ್‌ಗಳ ಖರ್ಚಿನ ಲೆಕ್ಕ ಹೊರಗೆ ಬಂತು. ದಿ ಲಾಸ್ಟ್ ಆಫ್ ಅಸ್ ಭಾಗ 2 ಮಾಡಲು ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21 ಕೋಟಿ ಡಾಲರ್ ಖರ್ಚಾಗಿತ್ತು. ವರ್ಷಗಟ್ಟಲೆ ಇಷ್ಟು ದುಡ್ಡು ಸುರಿದ ಮೇಲೆ ಯಜಮಾನರಿಗೆ ಕಾಯುವ ತಾಳ್ಮೆ ಇರುವುದಿಲ್ಲ. ಕ್ರಿಸ್‌ಮಸ್ ಸೀಸನ್ ಬಂತು, ಹಣಕಾಸು ವರ್ಷ ಮುಗಿಯಿತು, ಬಿಡುಗಡೆ ಮಾಡಿ ಅಂತಾರೆ. ಹಿಂದೆ ಡಿಸ್ಕ್ ಒಮ್ಮೆ ಅಚ್ಚಾದರೆ ಮುಗಿಯಿತು, ತಪ್ಪಿದ್ದರೆ ತಪ್ಪು ಹಾಗೇ ಉಳಿಯುತ್ತಿತ್ತು, ಹಾಗಾಗಿ ಪರೀಕ್ಷೆ ಮಾಡಿಯೇ ಕಳಿಸುತ್ತಿದ್ದರು. ಈಗ ಇಂಟರ್‌ನೆಟ್ ಇದೆ, ಆಮೇಲೆ ಸರಿ ಮಾಡಿದರಾಯಿತು ಅನ್ನುವ ಧೈರ್ಯ. ಪರೀಕ್ಷೆ ಮಾಡುವ ಕೆಲಸ ಮೊದಲ ವಾರ ಕೊಂಡವರ ತಲೆಗೆ ಬಿದ್ದಿದೆ, ಅದೂ ಅವರೇ ದುಡ್ಡು ಕೊಟ್ಟು.

ಹಾಗಾಗಿ ಮೊದಲ ಮಾತು: ಪ್ರೀ-ಆರ್ಡರ್ ಮಾಡಲೇಬೇಡಿ. ಡಿಜಿಟಲ್ ಗೇಮ್‌ಗೆ ಸ್ಟಾಕ್ ಮುಗಿಯುವ ಭಯ ಇಲ್ಲ. ಮುಂಚೆ ದುಡ್ಡು ಕೊಟ್ಟರೆ ಸಿಗುವುದು ಒಂದು ಬಣ್ಣದ ಬಟ್ಟೆ, ಒಂದು ಬಂದೂಕು, ಇಲ್ಲ ಮೂರು ದಿನ ಮೊದಲೇ ಆಡುವ ಅವಕಾಶ. ಸೈಬರ್‌ಪಂಕ್ 2077 ನೆನಪಿದೆಯಾ? 2020ರ ಡಿಸೆಂಬರ್ 10ಕ್ಕೆ ಬಂತು, ಅದಕ್ಕೆ ಮೊದಲೇ 80 ಲಕ್ಷ ಪ್ರೀ-ಆರ್ಡರ್ ಆಗಿತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟಿದ್ದು ಪಿಸಿ ಆವೃತ್ತಿ ಮಾತ್ರ, ಅದರಲ್ಲೂ ತಾವು ರೆಕಾರ್ಡ್ ಮಾಡಿದ ವೀಡಿಯೊ ತೋರಿಸುವ ಹಾಗಿರಲಿಲ್ಲ. ಪಿಎಸ್4 (ಸೋನಿಯ ಪ್ಲೇಸ್ಟೇಷನ್ 4) ಮತ್ತು ಎಕ್ಸ್‌ಬಾಕ್ಸ್ ಒನ್ ಅನ್ನುವ ಕನ್ಸೋಲ್‌ಗಳಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಮೆಷಿನ್‌ಗಳಲ್ಲಿ, ಅದು ಹೇಗೆ ಓಡುತ್ತದೆ ಅಂತ ಕೊಂಡವರಿಗೆ ಗೊತ್ತಾಗಿದ್ದು ಕೊಂಡ ಮೇಲೆ. ಒಂದು ವಾರದಲ್ಲಿ ಸೋನಿ ಆ ಗೇಮನ್ನು ತನ್ನ ಸ್ಟೋರ್‌ನಿಂದಲೇ ತೆಗೆದು ದುಡ್ಡು ವಾಪಸ್ ಕೊಡಲು ಶುರು ಮಾಡಿತು, ಅದು ಮತ್ತೆ ಸ್ಟೋರ್‌ಗೆ ಬಂದಿದ್ದು 2021ರ ಜೂನ್‌ನಲ್ಲಿ. ಅದೇ ಗೇಮ್ 2023ರ ಸೆಪ್ಟೆಂಬರ್‌ನಲ್ಲಿ 2.0 ಅಪ್‌ಡೇಟ್ ಬಂದ ಮೇಲೆ ನಿಜಕ್ಕೂ ಒಳ್ಳೆಯ ಗೇಮ್ ಆಯಿತು, ಇದನ್ನು ನಾನು ಮನಸಾರೆ ಹೇಳುತ್ತೇನೆ. ಮೊದಲ ದಿನವೇ ನಂಬಿ ಪೂರ್ತಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಕೆಟ್ಟ ಗೇಮ್, ಕಾದವರಿಗೆ ಸಿಕ್ಕಿದ್ದು ಒಳ್ಳೆಯ ಗೇಮ್, ಅದೂ ಸೇಲ್‌ನಲ್ಲಿ ಕಡಿಮೆ ಬೆಲೆಗೆ. ಇದು ಅನ್ಯಾಯ. ಆದರೆ ಸದ್ಯಕ್ಕೆ ಇರುವುದು ಹೀಗೆ.

ಎರಡನೆಯದು, ವಿಮರ್ಶೆ ಯಾವಾಗ ಬರುತ್ತದೆ ಅಂತ ನೋಡಿ. ಪ್ರತಿ ದೊಡ್ಡ ಗೇಮ್‌ಗೂ ಒಂದು ಎಂಬಾರ್ಗೊ ಇರುತ್ತದೆ, ಅಂದರೆ ಇಂಥ ಹೊತ್ತಿಗೆ ಮುಂಚೆ ವಿಮರ್ಶೆ ಪ್ರಕಟಿಸಬಾರದು ಅನ್ನುವ ಒಪ್ಪಂದ. ಗೇಮ್ ಮೇಲೆ ನಂಬಿಕೆ ಇರುವ ಕಂಪನಿ ಅದನ್ನು ಕೆಲವು ದಿನ ಮುಂಚೆಯೇ ತೆರೆಯುತ್ತದೆ. 2014ರ ನವೆಂಬರ್‌ನಲ್ಲಿ ಅಸಾಸಿನ್ಸ್ ಕ್ರೀಡ್ ಯೂನಿಟಿ ಬಂದಾಗ ಅಮೆರಿಕದಲ್ಲಿ ಮಧ್ಯರಾತ್ರಿಯಿಂದಲೇ ಮಾರಾಟ ಶುರು, ವಿಮರ್ಶೆಗೆ ಅನುಮತಿ ಮಧ್ಯಾಹ್ನದ ಮೇಲೆ. ಪಾತ್ರಗಳ ಮುಖವೇ ಮಾಯವಾಗಿ ಕಣ್ಣು, ಹಲ್ಲು ಮಾತ್ರ ಕಾಣುವ ಚಿತ್ರಗಳು ಹರಿದಾಡಿದ್ದು ಆ ಗೇಮಿನವೇ. ಬಿಡುಗಡೆ ದಿನದ ತನಕ ಒಂದೂ ವಿಮರ್ಶೆ ಕಾಣದಿದ್ದರೆ ಪರ್ಸ್ ಮುಚ್ಚಿಡಿ.

ವಿಮರ್ಶೆ ಇದ್ದರೂ ಅದು ನಿಮ್ಮ ಮೆಷಿನ್‌ನದ್ದಾ ಅಂತ ನೋಡಿ. ಪಿಎಸ್5ನಲ್ಲಿ ಆಡಿ ಒಂಬತ್ತು ಅಂಕ ಕೊಟ್ಟವರ ಮಾತು ಪಿಸಿಯವರಿಗೆ ಕೆಲಸಕ್ಕೆ ಬರುವುದಿಲ್ಲ. 2015ರಲ್ಲಿ ಬ್ಯಾಟ್‌ಮ್ಯಾನ್ ಆರ್ಕಮ್ ನೈಟ್ ಕನ್ಸೋಲ್‌ಗಳಲ್ಲಿ ಚೆನ್ನಾಗಿತ್ತು, ಪಿಸಿಯಲ್ಲಿ ಎಷ್ಟು ಹಾಳಾಗಿತ್ತು ಅಂದರೆ ಕಂಪನಿಯೇ ಮಾರಾಟ ನಿಲ್ಲಿಸಿತು, ಮತ್ತೆ ಶುರು ಮಾಡಲು ತಿಂಗಳುಗಳೇ ಬೇಕಾದವು. ಡಿಜಿಟಲ್ ಫೌಂಡ್ರಿಯಂಥವರು ಗೇಮ್ ತಾಂತ್ರಿಕವಾಗಿ ಹೇಗಿದೆ ಅನ್ನುವುದನ್ನೇ ಅಳೆದು ತೋರಿಸುತ್ತಾರೆ, ಅದನ್ನು ನೋಡಿ. ನಮ್ಮಲ್ಲಿ ಜಾಸ್ತಿ ಜನರ ಹತ್ತಿರ ಇರುವುದು ಮಧ್ಯಮ ದರ್ಜೆಯ ಕಾರ್ಡ್ ಅಥವಾ ಗೇಮಿಂಗ್ ಲ್ಯಾಪ್‌ಟಾಪ್, ಹಾಗಾಗಿ ಯೂಟ್ಯೂಬ್‌ನಲ್ಲಿ ಗೇಮ್ ಹೆಸರಿನ ಜೊತೆ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಹೆಸರು ಹಾಕಿ ಹುಡುಕಿ. ಸರಾಸರಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅನ್ನುವ ಲೆಕ್ಕ) ಒಂದನ್ನೇ ನಂಬಬೇಡಿ, ಹೊಸ ಜಾಗಕ್ಕೆ ಕಾಲಿಟ್ಟಾಗ ಚಿತ್ರ ಒಂದು ಕ್ಷಣ ನಿಂತು ಹೋಗುತ್ತದಾ ಅಂತ ಗಮನಿಸಿ. ಡೆಮೊ ಅಥವಾ ಉಚಿತ ಬೆಂಚ್‌ಮಾರ್ಕ್ (ನಿಮ್ಮ ಪಿಸಿಯಲ್ಲಿ ಗೇಮ್ ಹೇಗೆ ಓಡುತ್ತದೆ ಅಂತ ಅಳೆದು ತೋರಿಸುವ ಪ್ರೋಗ್ರಾಂ) ಇದ್ದರೆ ಇನ್ನೂ ಒಳ್ಳೆಯದು. 2025ರಲ್ಲಿ ಮಾನ್‌ಸ್ಟರ್ ಹಂಟರ್ ವೈಲ್ಡ್ಸ್ ಬರುವ ಮುಂಚೆಯೇ ಅದರ ಬೆಂಚ್‌ಮಾರ್ಕ್ ಉಚಿತವಾಗಿ ಸಿಕ್ಕಿತ್ತು, ಅದನ್ನು ಓಡಿಸಿ ನೋಡಿದವರಿಗೆ ತಮ್ಮ ಪಿಸಿಯ ಕಥೆ ದುಡ್ಡು ಖರ್ಚಾಗುವ ಮೊದಲೇ ತಿಳಿಯಿತು.

ಇನ್ನು ಸ್ಟೀಮ್, ಅಂದರೆ ಪಿಸಿ ಗೇಮ್ ಮಾರುವ ದೊಡ್ಡ ಆನ್‌ಲೈನ್ ಅಂಗಡಿ, ಅಲ್ಲಿ ಕೊಂಡವರು ಬರೆಯುವ ರಿವ್ಯೂಗಳ ವಿಷಯ. ಮೇಲೆ ಕಾಣುವ ಒಟ್ಟು ಶೇಕಡಾ ನೋಡಿ ನಿರ್ಧಾರ ಮಾಡಬೇಡಿ. ಇತ್ತೀಚಿನ ರಿವ್ಯೂಗಳು ಹೇಗಿವೆ ನೋಡಿ, ನೆಗೆಟಿವ್ ಮಾತ್ರ ಆರಿಸಿಕೊಂಡು ಒಂದಷ್ಟು ಓದಿ, ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅನ್ನುವುದೂ ಅಲ್ಲೇ ಇರುತ್ತದೆ. ಕಾರಣ ಮುಖ್ಯ. 2024ರ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2ಕ್ಕೆ ರಾಶಿ ರಾಶಿ ನೆಗೆಟಿವ್ ಬಿತ್ತು. ಗೇಮ್ ಕೆಟ್ಟಿರಲಿಲ್ಲ, ಪಿಸಿಯವರೂ ಪ್ಲೇಸ್ಟೇಷನ್ ಅಕೌಂಟ್ ಜೋಡಿಸಲೇಬೇಕು ಅಂದಿದ್ದಕ್ಕೆ ಬಂದ ಸಿಟ್ಟು ಅದು. ಕೆಲವೇ ದಿನಗಳಲ್ಲಿ ಸೋನಿ ಆ ನಿಯಮ ಕೈಬಿಟ್ಟಿತು.

ಇಷ್ಟೆಲ್ಲ ನೋಡಿ ಕೊಂಡ ಮೇಲೂ ಗೇಮ್ ಸರಿ ಇಲ್ಲದಿದ್ದರೆ ರೀಫಂಡ್ ಇದೆ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಜಾಸ್ತಿ ಇಲ್ಲೇ. ಸ್ಟೀಮ್‌ನಲ್ಲಿ ಕೊಂಡು 14 ದಿನದ ಒಳಗೆ, ಆಡಿದ ಸಮಯ 2 ಗಂಟೆಗಿಂತ ಕಡಿಮೆ ಇದ್ದರೆ, ಕಾರಣ ಏನೇ ಇರಲಿ, ದುಡ್ಡು ವಾಪಸ್ ಬರುತ್ತದೆ. ಎಪಿಕ್ ಸ್ಟೋರ್‌ನಲ್ಲೂ ಹೆಚ್ಚು ಕಡಿಮೆ ಇದೇ ನಿಯಮ. ಆದರೆ ಆ 2 ಗಂಟೆ ಅನ್ನುವುದು ಗೇಮ್ ತೆರೆದಿರುವ ಸಮಯ, ನೀವು ನಿಜವಾಗಿ ಆಡಿದ ಸಮಯ ಅಲ್ಲ. ಮೆನುವಿನಲ್ಲಿ ಬಿಟ್ಟು ಊಟಕ್ಕೆ ಹೋದರೂ ಗಡಿಯಾರ ಓಡುತ್ತದೆ. 2023ರ ಮಾರ್ಚ್‌ನಲ್ಲಿ ದಿ ಲಾಸ್ಟ್ ಆಫ್ ಅಸ್ ಭಾಗ 1 ಪಿಸಿಗೆ ಬಂದಾಗ ಶೇಡರ್ (ಗ್ರಾಫಿಕ್ಸ್ ಕಾರ್ಡ್‌ಗೆ ಚಿತ್ರ ಮೂಡಿಸಲು ಬೇಕಾದ ಚಿಕ್ಕ ಪ್ರೋಗ್ರಾಂಗಳು) ತಯಾರಾಗಲಿಕ್ಕೇ ಎಷ್ಟೋ ಜನರಿಗೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಅದು ಮುಗಿಯುವ ಹೊತ್ತಿಗೆ ರೀಫಂಡ್ ಸಮಯದ ಅರ್ಧಕ್ಕಿಂತ ಜಾಸ್ತಿ ಹೋಗಿತ್ತು. ಮೂರು ದಿನ ಮೊದಲೇ ಆಡುವ ಅವಕಾಶ ಕೊಡುತ್ತಾರಲ್ಲ, 2024ರಿಂದ ಸ್ಟೀಮ್ ಆ ಸಮಯವನ್ನೂ ಲೆಕ್ಕಕ್ಕೆ ತಗೊಳ್ಳುತ್ತದೆ.

ಹಾಗಾಗಿ ಹೀಗೆ ಮಾಡಿ. ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಸಾಫ್ಟ್‌ವೇರ್ ಅಪ್‌ಡೇಟ್ ಮೊದಲೇ ಮಾಡಿಟ್ಟುಕೊಳ್ಳಿ. ಬಿಡುವಿರುವ ಒಂದು ಸಂಜೆ ಕೂತು ಗೇಮ್ ತೆರೆಯಿರಿ, ಫೋನ್‌ನಲ್ಲಿ ಒಂದೂವರೆ ಗಂಟೆಗೆ ಅಲಾರಂ ಇಡಿ. ಶುರುವಿನ ಕಥೆಯ ದೃಶ್ಯಗಳನ್ನು ಹಾರಿಸಿ, ಆಮೇಲೆ ಬೇಕಾದರೆ ಹೊಸದಾಗಿ ಶುರು ಮಾಡಬಹುದು. ಆದಷ್ಟು ಬೇಗ ದೊಡ್ಡ ಬಯಲಿಗೋ ಊರೊಳಗೋ ಹೋಗಿ, ಜನ ಜಾಸ್ತಿ ಇರುವ ಕಡೆ ಓಡಾಡಿ, ಒಂದು ಜಗಳ ಆಡಿ, ಸೇವ್ ಮಾಡಿ, ಪೂರ್ತಿ ಮುಚ್ಚಿ, ಮತ್ತೆ ಲೋಡ್ ಮಾಡಿ. ಅಲಾರಂ ಹೊಡೆದಾಗ ನಿಮಗೆ ಅನುಮಾನ ಇದ್ದರೆ ವಾಪಸ್ ಕೊಡಿ. ಮುಂದೆ ಸರಿ ಹೋಗಬಹುದು ಅಂತ ಇಟ್ಟುಕೊಳ್ಳಬೇಡಿ, ಸರಿ ಹೋದರೆ ಆಗ ಕೊಂಡರಾಯಿತು. ಸ್ಟೀಮ್ ಸಪೋರ್ಟ್‌ಗೆ ಹೋಗಿ, ನಿಮ್ಮ ಖರೀದಿಗಳಲ್ಲಿ ಆ ಗೇಮ್ ಆರಿಸಿ, ರೀಫಂಡ್ ಬೇಕು ಅಂತ ಒತ್ತಿ, ಕಾರಣ ಎರಡು ಸಾಲು ಬರೆಯಿರಿ. ಒಪ್ಪಿದ ಮೇಲೆ ಒಂದು ವಾರದೊಳಗೆ ದುಡ್ಡು ಬರುತ್ತದೆ. 2 ಗಂಟೆ ಸ್ವಲ್ಪ ದಾಟಿದ್ದರೂ ಅರ್ಜಿ ಹಾಕಿ, ನೋಡುತ್ತೇವೆ ಅಂತ ಅವರ ನಿಯಮದಲ್ಲೇ ಇದೆ. ಕೊಂಡ ಮರುದಿನವೇ ಸೇಲ್ ಬಂದರೆ ವಾಪಸ್ ಕೊಟ್ಟು ಕಡಿಮೆ ಬೆಲೆಗೆ ಮತ್ತೆ ಕೊಳ್ಳುವುದನ್ನೂ ಅವರು ತಪ್ಪು ಅನ್ನುವುದಿಲ್ಲ.

ಪ್ಲೇಸ್ಟೇಷನ್‌ನವರು ಹುಷಾರಾಗಿರಬೇಕು. ಅಲ್ಲಿ ಡಿಜಿಟಲ್ ಗೇಮ್ ಡೌನ್‌ಲೋಡ್ ಶುರುವಾದರೆ ಸಾಕು, ಗೇಮ್‌ನಲ್ಲೇ ದೋಷ ಇದ್ದರೆ ಹೊರತು ದುಡ್ಡು ವಾಪಸ್ ಇಲ್ಲ. ಆಟೋ ಡೌನ್‌ಲೋಡ್ ಆಫ್ ಮಾಡಿಡಿ. ಡಿಸ್ಕ್ ಸಿಗುವುದಾದರೆ ಡಿಸ್ಕ್ ತಗೊಳ್ಳಿ, ಇಷ್ಟ ಆಗದಿದ್ದರೆ ಮಾರಿಯಾದರೂ ಅರ್ಧ ದುಡ್ಡು ಎತ್ತಬಹುದು.

ಬರೀ ಆನ್‌ಲೈನ್ ಗೇಮ್ ಆದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಸರ್ವರ್ ಎಷ್ಟು ದಿನ ಇರುತ್ತದೆ? ಸೋನಿಯ ಕಾನ್‌ಕಾರ್ಡ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಅಲ್ಲಿ ದುಡ್ಡಾದರೂ ವಾಪಸ್ ಕೊಟ್ಟರು. ಯೂಬಿಸಾಫ್ಟ್‌ನ ದಿ ಕ್ರೂ 2014ರದ್ದು, 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು, ಒಬ್ಬರೇ ಆಡುವ ಭಾಗವೂ ಅದರ ಜೊತೆಗೇ ಹೋಯಿತು. ಇದೇ ಸಿಟ್ಟಿನಿಂದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಅನ್ನುವ ಚಳವಳಿ ಹುಟ್ಟಿತು, ಯುರೋಪಿನಲ್ಲಿ ಅದಕ್ಕೆ 10 ಲಕ್ಷಕ್ಕೂ ಜಾಸ್ತಿ ಸಹಿ ಬಿದ್ದಿದೆ. ಇಂಥ ಗೇಮ್ ಮೇಲೆ ಪೂರ್ತಿ ಬೆಲೆ ಹಾಕುವ ಮುಂಚೆ ಕೆಲವು ತಿಂಗಳು ಕಾದು, ಇನ್ನೂ ಜನ ಆಡುತ್ತಿದ್ದಾರಾ ಅಂತ ಆಡುವವರ ಲೆಕ್ಕ ತೋರಿಸುವ ಸ್ಟೀಮ್‌ಡಿಬಿ ವೆಬ್‌ಸೈಟ್‌ನಲ್ಲಿ ನೋಡಿ.

ದೂರು ಕೊಡುವುದರಲ್ಲಿ ಅರ್ಥ ಇಲ್ಲ ಅನ್ನುವವರಿಗೆ ಒಂದು ಉದಾಹರಣೆ. 2017ರಲ್ಲಿ ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2ರಲ್ಲಿ ದುಡ್ಡು ಕೊಟ್ಟು ಲೂಟ್ ಬಾಕ್ಸ್ (ಒಳಗೆ ಏನು ಸಿಗುತ್ತದೆ ಅಂತ ಮೊದಲೇ ಗೊತ್ತಾಗದ ಪೆಟ್ಟಿಗೆ) ಕೊಳ್ಳುವ ವ್ಯವಸ್ಥೆ ಇತ್ತು, ಜನ ತಿರುಗಿ ಬಿದ್ದರು, ಗೇಮ್ ಬಿಡುಗಡೆ ಆಗುವ ಮುಂಚೆಯೇ ಕಂಪನಿ ಆ ಖರೀದಿಯನ್ನು ನಿಲ್ಲಿಸಬೇಕಾಯಿತು. ಹಾಗಾಗಿ ಬರೆಯಿರಿ. ನಿಮ್ಮ ಕಾರ್ಡ್ ಯಾವುದು, ಯಾವ ಸೆಟ್ಟಿಂಗ್, ಎಲ್ಲಿ ಕ್ರ್ಯಾಶ್ ಆಯಿತು, ಯಾವ ಪ್ಯಾಚ್, ಇಷ್ಟನ್ನು ಕನ್ನಡದಲ್ಲೇ ಬರೆದರೂ ಮುಂದೆ ಕೊಳ್ಳುವ ಇನ್ನೊಬ್ಬ ಕನ್ನಡಿಗರಿಗೆ ಉಪಯೋಗ ಆಗುತ್ತದೆ. ಗೇಮ್ ಮಾಡಿದವರನ್ನು ಹುಡುಕಿ ಬೈಯುವುದು ಮಾತ್ರ ಬೇಡ. ಜಿಟಿಎ ಗೇಮ್‌ಗಳನ್ನು ಮಾಡುವ ರಾಕ್‌ಸ್ಟಾರ್ ಕಂಪನಿಯ ಒಂದು ಸ್ಟುಡಿಯೊ ನಮ್ಮ ಬೆಂಗಳೂರಿನಲ್ಲೇ ಇದೆ, 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ 2019ರಲ್ಲಿ ಅದರ ಜೊತೆ ಸೇರಿತು. ಅಲ್ಲಿ ಕೂತು ಚಿತ್ರ ಬರೆಯುವವರು, ದೋಷ ಹುಡುಕುವವರು ಬಿಡುಗಡೆಯ ದಿನ ನಿರ್ಧರಿಸುವುದಿಲ್ಲ. ಜಿಟಿಎ 6 ಎರಡು ಸಲ ಮುಂದಕ್ಕೆ ಹೋದಾಗ ಎಷ್ಟೊಂದು ಜನ ಕೂಗಾಡಿದರು! ನನಗೆ ಅದು ಒಳ್ಳೆಯ ಸುದ್ದಿ ಅನ್ನಿಸಿತು. ಮುಗಿಯದಿದ್ದರೆ ಮುಗಿಸಿಯೇ ಕೊಡಲಿ.

ಕಾಯುವ ಹೊತ್ತಿನಲ್ಲಿ ಆಡಲು ಗೇಮ್‌ಗಳಿಗೆ ಕೊರತೆ ಇಲ್ಲ. ಕ್ಲೇರ್ ಓಬ್ಸ್‌ಕ್ಯೂರ್ ಎಕ್ಸ್‌ಪೆಡಿಷನ್ 33 ನೋಡಿ, ಫ್ರಾನ್ಸ್‌ನ ಒಂದು ಚಿಕ್ಕ ತಂಡ ಹೊರಗಿನ ಕೆಲವರ ಸಹಾಯ ತಗೊಂಡು ಮಾಡಿದ್ದು, 2025ರಲ್ಲಿ ಬಂದಾಗ 70 ಡಾಲರ್ ಗೇಮ್‌ಗಳ ನಡುವೆ 50 ಡಾಲರ್‌ಗೆ ಬಂತು. ಬಾಲ್ಡರ್ಸ್ ಗೇಟ್ 3 ಕೂಡ ಸುಮಾರು ಮೂರು ವರ್ಷ ಅರ್ಲಿ ಆಕ್ಸೆಸ್‌ನಲ್ಲಿತ್ತು, ಆದರೆ ಇದು ಇನ್ನೂ ಮುಗಿದಿಲ್ಲ ಅಂತ ಮೊದಲೇ ಹೇಳಿಯೇ ಮಾರಿದರು. ನಿಮಗೆ ಬೇಕಾದ ದೊಡ್ಡ ಗೇಮನ್ನು ಇವತ್ತೇ ವಿಶ್‌ಲಿಸ್ಟ್‌ಗೆ ಹಾಕಿ, ಬೆಲೆ ಇಳಿದಾಗ ಸ್ಟೀಮ್‌ನಿಂದ ಮೇಲ್ ಬರುತ್ತದೆ. ಆಗ ಮೊದಲು ಇತ್ತೀಚಿನ ರಿವ್ಯೂ ಓದಿ, ಆಮೇಲೆ ದುಡ್ಡು ಕಟ್ಟಿ.